ಕಂದಾಯದ ರಸೀದಿಯಲ್ಲಿ ಸರಸ್ವತಿ

ಯುಗಾದಿಯ ಬೇವುಬೆಲ್ಲದ ರುಚಿ ನಾಲಗೆಯಿಂದ ಆರುವ ಮೊದಲೇ ದಾವಣಗೆರೆಯ ಗೃಹಸ್ಥರಿಗೆ ಮನೆಕಂದಾಯದ ನೆನಪು ಬರುತ್ತದೆ. ಏಪ್ರಿಲ್ ತಿಂಗಳೊಳಗೆ ಕಟ್ಟಿದವರಿಗೆ ನೂರಕ್ಕೆ 5 ರೂಪಾಯಿ ರಿಯಾಯಿತಿ ಉಂಟು. ರಸೀದಿ ಕೈಗೆ ಬಂದೊಡನೆ ಯಜಮಾನರು ಕೊನೆಯ ಸಾಲಿನ ಒಟ್ಟು ಮೊತ್ತವನ್ನು ನೋಡುತ್ತಾರೆ. ಒಂದು ನಿಟ್ಟುಸಿರು ಬಿಟ್ಟು, ಅದನ್ನು ನಾಲ್ಕು ಮಡಿಕೆ ಮಾಡಿ ಬೀರುವಿನಲ್ಲಿ ಇಡುತ್ತಾರೆ. ನಡುವಣ ಸಣ್ಣ ಸಾಲುಗಳನ್ನು ಓದುವವರು ವಿರಳ.

ಓದಿದರೆ ಅಲ್ಲಿ ಒಂದು ಆಶ್ಚರ್ಯ ಕಾದಿದೆ. ತೆರಿಗೆಯ ಮೇಲೆ ನೂರಕ್ಕೆ 15ರಂತೆ ಆರೋಗ್ಯ ಉಪಕರ, 3ರಂತೆ ಭಿಕ್ಷುಕರ ಉಪಕರ. ಇವೆರಡರ ಜೊತೆಗೆ, ಯಾರ ಗಮನಕ್ಕೂ ಬೀಳದೆ, ನೂರಕ್ಕೆ 6ರಂತೆ ಗ್ರಂಥಾಲಯ ಉಪಕರ! ವರ್ಷಕ್ಕೆ 4,000 ರೂಪಾಯಿ ತೆರಿಗೆ ತೆರುವ ಸಂಸಾರವು, ತಾನರಿಯದೆಯೇ, 240 ರೂಪಾಯಿಗಳನ್ನು ಊರಿನ ಪುಸ್ತಕಗಳಿಗಾಗಿ ಸಲ್ಲಿಸಿರುತ್ತದೆ. ಸ್ವಂತ ಮನೆಯಿಲ್ಲದವರೂ ಇದರಿಂದ ಹೊರತಲ್ಲ. ಮನೆಯ ಒಡೆಯನು ಕಟ್ಟುವ ಕಂದಾಯವು ಬಾಡಿಗೆಯ ರೂಪದಲ್ಲಿ ಅವರ ಕೈಯಿಂದಲೇ ಹೋಗಿರುತ್ತದೆ.

ಹೀಗೆ ಹಣ ಕೊಟ್ಟ ಸಂಸಾರಗಳಲ್ಲಿ ಎಷ್ಟು ಮಂದಿ ಗ್ರಂಥಾಲಯದ ಮೆಟ್ಟಿಲನ್ನು ಹತ್ತಿದ್ದಾರೆ? ಹಾಲಿನವನಿಗೆ ಹಣ ಕೊಟ್ಟು ಹಾಲು ತೆಗೆದುಕೊಳ್ಳದೆ ಬಾಗಿಲು ಹಾಕಿಕೊಳ್ಳುವ ಗೃಹಿಣಿ ಯಾವ ಊರಿನಲ್ಲಿಯೂ ಇರಲಾರಳು. ಪುಸ್ತಕದ ವಿಷಯದಲ್ಲಿ ಮಾತ್ರ ನಮ್ಮ ಮಧ್ಯಮವರ್ಗದ ಬಹು ಮಂದಿ ಪ್ರತಿ ವರ್ಷವೂ ಇದನ್ನೇ ಮಾಡುತ್ತಿದ್ದಾರೆ.

ಸರಪಳಿಯಿಂದ ಬಿಡುಗಡೆ

ಪುಸ್ತಕವು ಎಲ್ಲರ ಸೊತ್ತು ಎಂಬ ಭಾವನೆ ಬಹು ಹಳೆಯದೇನೂ ಅಲ್ಲ. ಹಿಂದಿನ ಕಾಲದ ಸರಸ್ವತೀ ಭಂಡಾರಗಳು ಅರಮನೆಗಳಲ್ಲಿಯೂ ಮಠ ಬಸದಿಗಳಲ್ಲಿಯೂ ಇದ್ದುವು. ತಾಳೆಗರಿಯ ಕಟ್ಟುಗಳನ್ನು ವಸ್ತ್ರದಲ್ಲಿ ಸುತ್ತಿ, ಪೂಜಿಸಿ, ಕಾಪಾಡಿದರು. ಅವರು ಕಾಪಾಡದಿದ್ದರೆ ಇಂದು ನಮಗೆ ಎಷ್ಟೋ ಕಾವ್ಯಗಳು ಉಳಿಯುತ್ತಿರಲಿಲ್ಲ. ಆದರೆ ಆ ಭಂಡಾರದ ಬೀಗದ ಕೈ ಎಲ್ಲರಿಗೂ ದೊರೆಯುತ್ತಿರಲಿಲ್ಲ. ಯುರೋಪಿನಲ್ಲಿಯೂ ಇದೇ ಕಥೆ. ಅಲ್ಲಿಯ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಮೇಜಿಗೆ ಬಿಗಿದಿಡುತ್ತಿದ್ದರು. ಓದುವವನು ಪುಸ್ತಕದ ಬಳಿಗೆ ಬರಬೇಕೇ ಹೊರತು ಪುಸ್ತಕವು ಅವನೊಡನೆ ಮನೆಗೆ ಹೋಗುವಂತಿರಲಿಲ್ಲ.

ಆ ಸರಪಳಿಯನ್ನು ಕಳಚಿದುದು ತೆರಿಗೆ ಎಂದರೆ ವಾಚಕರು ನಂಬಲಾರರು. ಆದರೂ ಅದು ಸತ್ಯ. 1850ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಶಾಸನ ಮಾಡಿ, ಹತ್ತು ಸಾವಿರಕ್ಕೂ ಮೇಲ್ಪಟ್ಟು ಜನಸಂಖ್ಯೆಯುಳ್ಳ ಪಟ್ಟಣಗಳು ಗ್ರಂಥಾಲಯಕ್ಕಾಗಿ ಒಂದು ಪೌಂಡಿಗೆ ಅರ್ಧ ಪೆನ್ನಿಯಂತೆ ಕರ ವಿಧಿಸಬಹುದೆಂದು ಅನುಮತಿ ನೀಡಿತು. ಅದಕ್ಕೂ ವಿರೋಧ ಬಂದಿತು. ತನಗೆ ಓದೆಂದರೇ ಆಗದು ಎಂದು ಸಭೆಯಲ್ಲಿಯೇ ಹೇಳಿಕೊಂಡ ಸದಸ್ಯರೂ ಒಬ್ಬರಿದ್ದರು! ವಿಚಿತ್ರವೆಂದರೆ, ಆ ಮೊದಲ ಶಾಸನದಂತೆ ಕರದ ಹಣದಿಂದ ಕಟ್ಟಡ ಕಟ್ಟಬಹುದು, ಸಂಬಳ ಕೊಡಬಹುದು, ಪುಸ್ತಕ ಮಾತ್ರ ಕೊಳ್ಳುವಂತಿರಲಿಲ್ಲ. 1855ರಲ್ಲಿ ಆ ತಪ್ಪನ್ನು ತಿದ್ದಿ, ಕರವನ್ನೂ ಒಂದು ಪೆನ್ನಿಗೆ ಏರಿಸಿದರು.

ಈ ಶಾಸನದ ಮೊದಲ ಫಲಗಳಲ್ಲಿ ಹೆಸರಾದುದು ಮ್ಯಾಂಚೆಸ್ಟರ್ ನಗರದ ಉಚಿತ ಗ್ರಂಥಾಲಯ. 1852ರ ಸೆಪ್ಟೆಂಬರ್ 2ರಂದು ಅದರ ಪ್ರಾರಂಭೋತ್ಸವಕ್ಕೆ ಕಾದಂಬರಿಕಾರರಾದ ಡಿಕನ್ಸ್ ಮತ್ತು ಥ್ಯಾಕರೆ ಬಂದಿದ್ದರು. ಅದರ ನಿಧಿಗೆ ಸಾಹುಕಾರರು ಮಾತ್ರವಲ್ಲ, ಹತ್ತಿಯ ಗಿರಣಿಗಳಲ್ಲಿ ದುಡಿಯುವ ಕೆಲಸಗಾರರೂ ತಮ್ಮ ಕೂಲಿಯಲ್ಲಿ ಉಳಿಸಿ ಕಾಸು ಸೇರಿಸಿದ್ದರು. ಮೊದಲ ಗ್ರಂಥಪಾಲ ಎಡ್ವರ್ಡ್ ಎಡ್ವರ್ಡ್ಸ್ ಒಬ್ಬ ಗಾರೆ ಕೆಲಸದವನ ಮಗ.

‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಒಂದು ಕಾಲದಲ್ಲಿ ಕರೆಸಿಕೊಂಡ ದಾವಣಗೆರೆಯವರಿಗೆ ಈ ಕಥೆ ಹಿತವಾಗದೆ ಇರದು. ಅಲ್ಲಿಯಂತೆಯೇ ಇಲ್ಲಿಯೂ ಹತ್ತಿಯ ನೂಲು ಊರನ್ನು ಬೆಳೆಸಿತು. ಅಲ್ಲಿಯಂತೆಯೇ ಇಲ್ಲಿಯೂ ಪುಸ್ತಕದ ವೆಚ್ಚವನ್ನು ಊರೇ ಹೊರುವಂತೆ ಮುಂದೆ ಶಾಸನವಾಯಿತು.

ಗಣಿತದ ಮೇಷ್ಟರ ಕನಸು

ಕನ್ನಡ ನಾಡಿನಲ್ಲಿ ಸಾರ್ವಜನಿಕ ಗ್ರಂಥಾಲಯದ ಮಾತು ಬಂದಾಗ ಮೊದಲು ನೆನೆಯಬೇಕಾದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ಮೈಸೂರಿನ ದಿವಾನರಾಗಿದ್ದಾಗ ಬೆಂಗಳೂರು, ಮೈಸೂರು ನಗರಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಸ್ಥಾಪಿತವಾದುವು. ಕಬ್ಬನ್ ಉದ್ಯಾನದ ಹಸುರಿನ ನಡುವೆ ಕೆಂಪಾಗಿ ಹೊಳೆಯುವ ಶೇಷಾದ್ರಿ ಅಯ್ಯರ್ ಸ್ಮಾರಕ ಮಂದಿರವು 1915ರಿಂದ ಓದುಗರ ಮನೆಯಾಗಿದೆ. 1940ರ ದಶಕದಿಂದ ವಯಸ್ಕರ ಶಿಕ್ಷಣ ಚಳವಳಿಯು ಹಳ್ಳಿಗಳಿಗೂ ಪುಸ್ತಕದ ಪೆಟ್ಟಿಗೆಗಳನ್ನು ಕೊಂಡೊಯ್ದಿತು. ಆದರೆ ಇವೆಲ್ಲ ದಯೆಯಿಂದಲೋ ದಾನದಿಂದಲೋ ನಡೆದ ಕೆಲಸಗಳು. ದಯೆ ಬತ್ತಿದ ದಿನ ಬಾಗಿಲು ಮುಚ್ಚಬಹುದಾಗಿತ್ತು.

ಗ್ರಂಥಾಲಯವು ದಾನವಲ್ಲ, ಪ್ರಜೆಯ ಹಕ್ಕು ಎಂದು ಸಾಧಿಸಿದವರು ಡಾಕ್ಟರ್ ಎಸ್. ಆರ್. ರಂಗನಾಥನ್. ತಮಿಳು ನಾಡಿನ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿದ ಇವರು ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ ನೇಮಕಗೊಂಡಾಗ ಅವರಿಗೆ ಆ ಕೆಲಸ ಬೇಸರವೆನಿಸಿ, ಮತ್ತೆ ಪಾಠ ಹೇಳಲು ಹೋಗುತ್ತೇನೆಂದು ಕೇಳಿಕೊಂಡಿದ್ದರಂತೆ. ಅದೇ ವರ್ಷ ಇಂಗ್ಲೆಂಡಿಗೆ ತರಬೇತಿಗಾಗಿ ಹೋದ ಅವರು ಅಲ್ಲಿಯ ಊರೂರಿನ ಗ್ರಂಥಾಲಯಗಳಲ್ಲಿ ಮಕ್ಕಳು, ಕೂಲಿಗಾರರು, ಗೃಹಿಣಿಯರು ಸರದಿಯಂತೆ ಪುಸ್ತಕ ಒಯ್ಯುವುದನ್ನು ಕಂಡರು. ಹಿಂದಿರುಗಿದವರು ಬೇರೆಯೇ ಮನುಷ್ಯರಾಗಿದ್ದರು.

1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳು ಲೋಕಪ್ರಸಿದ್ಧವಾದುವು. ಅವುಗಳ ಸಾರವನ್ನು ಮನೆಯ ಮಾತಿನಲ್ಲಿ ಹೇಳುವುದಾದರೆ: ಪುಸ್ತಕವಿರುವುದು ಬೀರುವಿನ ಅಲಂಕಾರಕ್ಕಲ್ಲ, ಬಳಕೆಗೆ; ಓದುವ ಪ್ರತಿಯೊಬ್ಬನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು; ಪ್ರತಿ ಪುಸ್ತಕಕ್ಕೂ ಅದನ್ನು ಅರಸುವ ಓದುಗ ದೊರೆಯಬೇಕು; ಬಂದವನ ಹೊತ್ತು ಹಾಳಾಗಬಾರದು; ಗ್ರಂಥಾಲಯವು ಜೀವಿಯಂತೆ ಬೆಳೆಯುತ್ತಲೇ ಇರಬೇಕು. ಅದೇ ವರ್ಷ ತಂಜಾವೂರು ಸೀಮೆಯ ಮನ್ನಾರಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳು ಹಳ್ಳಿಯಿಂದ ಹಳ್ಳಿಗೆ ಹೊರಟುವು.

ಮದರಾಸು ಪ್ರಾಂತದಲ್ಲಿ 1948ರಲ್ಲಿ ಗ್ರಂಥಾಲಯ ಶಾಸನವಾದುದು ರಂಗನಾಥನ್ನರ ಪರಿಶ್ರಮದಿಂದ. ಮುಂದೆ ಅವರು ಬೆಂಗಳೂರಿನಲ್ಲಿಯೇ ನೆಲೆಸಿ, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ಕಾಲವಾದರು. ಅವರ ಕಣ್ಣೆದುರಿಗೇ ಮೈಸೂರು ರಾಜ್ಯವೂ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಶಾಸನವನ್ನು ಮಾಡಿತು. 1966ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಅದು ಜಾರಿಗೆ ಬಂದಿತು. ಕಂದಾಯದ ರಸೀದಿಯಲ್ಲಿ ಆ ಸಣ್ಣ ಸಾಲು ಕಾಣಿಸಿಕೊಂಡುದು ಈ ಶಾಸನದ ಬಲದಿಂದ. ನಗರಕ್ಕೆ ನಗರ ಗ್ರಂಥಾಲಯ ಪ್ರಾಧಿಕಾರ. ಅದರ ಅಧ್ಯಕ್ಷತೆ ಮೇಯರರದು. ಎಂದರೆ, ಊರಿನ ನೀರು, ದೀಪ, ಚರಂಡಿಗಳಂತೆಯೇ ಪುಸ್ತಕವೂ ಊರಿನ ಹೊಣೆ ಎಂದು ಒಪ್ಪಿಕೊಂಡಂತಾಯಿತು.

ಪಾಳಿ ಮುಗಿಸಿ ಬಂದ ಓದುಗ

1936ರಲ್ಲಿ ದಾವಣಗೆರೆ ಕಾಟನ್ ಮಿಲ್ಲು ಸ್ಥಾಪನೆಯಾದ ಮೇಲೆ ಊರಿನ ದಿನಚರಿಯನ್ನು ನಡೆಸಿದುದು ಗಿರಣಿಯ ಪಾಳಿ. ನೆರೆಯ ಹರಿಹರದಲ್ಲಿ 1941ರಲ್ಲಿ ಕಿರ್ಲೋಸ್ಕರ್ ಯಂತ್ರ ಕಾರ್ಖಾನೆ ಎದ್ದಿತು. ಇಂಥ ಊರುಗಳಲ್ಲಿ ವಾಚನಾಲಯವೆಂದರೆ ಮೊಟ್ಟಮೊದಲು ವೃತ್ತಪತ್ರಿಕೆ. ಒಂದು ಪತ್ರಿಕೆಯ ಹಾಳೆಗಳನ್ನು ಬಿಡಿಸಿ ನಾಲ್ವರು ಹಂಚಿಕೊಂಡು ಓದುವುದು. ಅಕ್ಷರ ಬಾರದವನಿಗೆ ಪಕ್ಕದವನು ಮೆಲುದನಿಯಲ್ಲಿ ಓದಿ ಹೇಳುವುದು. ಅಡಕೆ, ಹತ್ತಿಗಳ ಧಾರಣೆ, ನೌಕರಿಯ ಜಾಹೀರಾತು, ಸಿನಿಮಾ, ಕೊನೆಗೆ ರಾಜಕೀಯ.

ಮನೆಯ ಹೆಂಗಸರು ಅಲ್ಲಿಗೆ ಬರುತ್ತಿದ್ದುದು ಅಪರೂಪ. ಆದರೆ ಪುಸ್ತಕಗಳು ಅವರ ಬಳಿಗೆ ಹೋಗುತ್ತಿದ್ದುವು. ಶಾಲೆಯಿಂದ ಬಂದ ಹುಡುಗನ ಕೈಯಲ್ಲಿ ಚೀಟಿ ಕೊಟ್ಟು, ‘ತ್ರಿವೇಣಿಯವರದು ಇದ್ದರೆ ತಾ, ಇಲ್ಲದಿದ್ದರೆ ಅ.ನ.ಕೃ. ತಾ’ ಎಂದು ತಾಯಂದಿರು ಅಟ್ಟುತ್ತಿದ್ದ ಕಾಲವದು. ದಿನಕ್ಕಿಷ್ಟು ಕಾಸಿನಂತೆ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳೂ ಬೀದಿಬೀದಿಗೆ ಇದ್ದುವು. ಊರಿನ ಗ್ರಂಥಾಲಯವು ಈ ಬಾಡಿಗೆಯ ಅಂಗಡಿಗಿಂತ ಅಗ್ಗ. ಹಿಂದಿರುಗಿಸುವುದು ತಡವಾದರೆ ಮಾತ್ರ ದಂಡ. ಕನ್ನಡ ಕಾದಂಬರಿಯನ್ನು ಅಡಿಗೆಮನೆಯವರೆಗೆ ತಲಪಿಸಿದ ಕೀರ್ತಿಯಲ್ಲಿ ಲೇಖಕರದು ಎಷ್ಟು ಪಾಲೋ, ಬೆನ್ನು ಕಿತ್ತುಹೋದ ಆ ಪ್ರತಿಗಳಿಗೆ ಮತ್ತೆ ಮತ್ತೆ ರಟ್ಟು ಕಟ್ಟಿಸಿದ ಅನಾಮಧೇಯ ಗ್ರಂಥಪಾಲರದೂ ಅಷ್ಟೇ ಪಾಲು.

ಪುಸ್ತಕವಲ್ಲ, ಕುರ್ಚಿ

ಕಾಲ ಉರುಳಿತು. ಗಿರಣಿಗಳು ಒಂದೊಂದಾಗಿ ನಿಂತುವು. 1951ರ ಇಂಜಿನಿಯರಿಂಗ್ ಕಾಲೇಜು, 1965ರ ವೈದ್ಯಕೀಯ ಕಾಲೇಜುಗಳ ಹಿಂದೆ ಹತ್ತಾರು ವಿದ್ಯಾಸಂಸ್ಥೆಗಳು ಬೆಳೆದುವು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯ ಕೇಂದ್ರವಾಯಿತು. 2007ರಲ್ಲಿ ನಗರಸಭೆ ಮಹಾನಗರ ಪಾಲಿಕೆಯಾಯಿತು. 2009ರಲ್ಲಿ ವಿಶ್ವವಿದ್ಯಾನಿಲಯವೂ ಬಂದಿತು. ನೂಲಿನ ಊರು ವಿದ್ಯಾರ್ಥಿಗಳ ಊರಾಯಿತು.

ಗ್ರಂಥಾಲಯದ ಮುಖವೂ ಬದಲಾಯಿತು. ಇಂದು ಕರ್ನಾಟಕದ ಯಾವ ಜಿಲ್ಲಾ ಕೇಂದ್ರದ ಗ್ರಂಥಾಲಯಕ್ಕೆ ಹೋದರೂ, ಬಾಗಿಲು ತೆರೆಯುವ ಮೊದಲೇ ಹೊರಗೆ ಚೀಲಗಳ ಸಾಲು ಕಾಣುತ್ತದೆ. ನೀರಿನ ಬಾಟಲಿ, ಬುತ್ತಿಯ ಡಬ್ಬಿ, ದಪ್ಪನೆಯ ಸಾಮಾನ್ಯ ಜ್ಞಾನದ ಪುಸ್ತಕ. ಪೊಲೀಸು, ಕಂದಾಯ, ಶಿಕ್ಷಕ ಹುದ್ದೆ, ಪ್ರಥಮ ದರ್ಜೆ ಸಹಾಯಕ: ಯಾವುದಾದರೊಂದು ಪರೀಕ್ಷೆಗೆ ಸಿದ್ಧರಾಗುವ ಯುವಕ ಯುವತಿಯರು ಅವರು. ಇವರಿಗೆ ಬೇಕಾದುದು ಕಪಾಟಿನ ಪುಸ್ತಕವಲ್ಲ. ತಮ್ಮ ಪುಸ್ತಕವನ್ನು ತಾವೇ ತಂದಿರುತ್ತಾರೆ. ಬೇಕಾದುದು ಒಂದು ಕುರ್ಚಿ, ಒಂದು ಫ್ಯಾನು, ಒಂದಿಷ್ಟು ಮೌನ.

‘ಇದು ಗ್ರಂಥಾಲಯವೋ, ಉಚಿತ ಟ್ಯುಟೋರಿಯಲ್ಲೋ?’ ಎಂದು ಮೂಗು ಮುರಿಯುವವರಿದ್ದಾರೆ. ಅವರು ಒಂದು ಕ್ಷಣ ಯೋಚಿಸಬೇಕು. ಒಂದೇ ಕೋಣೆಯ ಮನೆ. ಅಲ್ಲಿಯೇ ಒಲೆ, ಅಲ್ಲಿಯೇ ಟೆಲಿವಿಷನ್, ಅಲ್ಲಿಯೇ ಕಾಯಿಲೆಯ ಅಜ್ಜ. ಅಲ್ಲಿ ಓದುವುದೆಂತು? ‘ಮದುವೆ ಮಾಡಿಬಿಡೋಣ’ ಎಂಬ ಮಾತು ಪ್ರತಿ ಹಬ್ಬಕ್ಕೂ ಏಳುವ ಮನೆಯ ಹೆಣ್ಣುಮಗಳಿಗೆ, ಬೆಳಿಗ್ಗೆಯಿಂದ ಸಂಜೆಯವರೆಗೆ ನಿರ್ಭಯವಾಗಿ, ಕಾಸಿಲ್ಲದೆ, ಯಾರ ಪ್ರಶ್ನೆಯೂ ಇಲ್ಲದೆ ಕುಳಿತುಕೊಳ್ಳಬಹುದಾದ ಸ್ಥಳ ಊರಿನಲ್ಲಿ ಇನ್ನಾವುದಿದೆ? ಹೋಟಲಿನಲ್ಲಿ ಕುಳಿತರೆ ಕಾಫಿ ತರಿಸಬೇಕು. ಉದ್ಯಾನದಲ್ಲಿ ಕುಳಿತರೆ ದಾರಿಹೋಕರ ಕಣ್ಣು. ಆಕೆಯ ಪಾಲಿಗೆ ಆ ಕುರ್ಚಿಯೇ ಗ್ರಂಥ.

ಆದರೂ ಇದರಲ್ಲಿ ಒಂದು ಕಳವಳದ ಅಂಶವಿಲ್ಲದಿಲ್ಲ. ಕುರ್ಚಿಗಳೆಲ್ಲ ಪರೀಕ್ಷಾರ್ಥಿಗಳಿಗೆ ಹೋದರೆ ವೃತ್ತಪತ್ರಿಕೆ ಓದಲು ಬರುವ ನಿವೃತ್ತರು ನಿಂತೇ ಓದಬೇಕಾಗುತ್ತದೆ. ಕಾದಂಬರಿಯನ್ನು ಹುಡುಕಿಕೊಂಡು ಬರುವ ಗೃಹಿಣಿ ಬಾಗಿಲಿನಿಂದಲೇ ಹಿಂದಿರುಗುತ್ತಾಳೆ. ಮಕ್ಕಳಂತೂ ಗದ್ದಲ ಮಾಡುತ್ತಾರೆಂಬ ಭಯದಿಂದ ಒಳಗೇ ಬರುವುದಿಲ್ಲ. ಎಲ್ಲರ ಮನೆ ಒಬ್ಬರ ಮನೆಯಾಗುತ್ತದೆ. ತಪ್ಪು ಕುಳಿತವರದಲ್ಲ, ಕುರ್ಚಿಗಳನ್ನು, ಕೋಣೆಗಳನ್ನು, ಹೊತ್ತನ್ನು ಹೆಚ್ಚಿಸದಿರುವುದರದು.

ಹದಡಿಯ ದಾರಿಯಲ್ಲಿ

ನಗರದಿಂದ ದಕ್ಷಿಣಕ್ಕೆ ಹೊರಡುವ ಹದಡಿ ರಸ್ತೆ ದಾವಣಗೆರೆಯವರಿಗೆಲ್ಲ ಪರಿಚಿತ. ಊರಿನ ಮನೆಗಳು ಮುಗಿದು ಬಯಲು ತೆರೆದುಕೊಂಡು, ಬಸ್ಸು ಹದಡಿಯನ್ನು ಮುಟ್ಟುತ್ತದೆ. ಬೆಳಗಿನ ಬಸ್ಸಿನಲ್ಲಿ ಈ ಹಳ್ಳಿಗಳ ಮಕ್ಕಳು ನಗರದ ಕಾಲೇಜುಗಳಿಗೆ ಹೋಗುತ್ತಾರೆ. ಸಂಜೆಯ ಬಸ್ಸಿನಲ್ಲಿ ಹಿಂದಿರುಗುತ್ತಾರೆ. ನಗರದ ಗ್ರಂಥಾಲಯದಲ್ಲಿ ಕುರ್ಚಿ ಹಿಡಿಯಲು ಬರುವವರಲ್ಲಿ ಇಂಥ ಹಳ್ಳಿಗಳವರು ಅನೇಕರು. ಕೊನೆಯ ಬಸ್ಸಿನ ಹೊತ್ತು ಅವರ ಓದಿನ ಎಲ್ಲೆ.

ಹಾಗಾದರೆ ಪುಸ್ತಕವೇ ಹಳ್ಳಿಗೆ ಹೋಗಬಾರದೇಕೆ? ಈ ದಿಕ್ಕಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಗಾಳಿ ಬೀಸಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಐದು ಸಾವಿರಕ್ಕೂ ಮೇಲ್ಪಟ್ಟು ಗ್ರಂಥಾಲಯಗಳಿವೆ. 2019ರಲ್ಲಿ ಇವುಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಮರುವರ್ಷ ಕೊರೋನಾ ಜಾಡ್ಯದಿಂದ ಶಾಲೆಗಳು ಮುಚ್ಚಿ, ಮಕ್ಕಳು ಅಕ್ಷರ ಮರೆಯುವ ಸ್ಥಿತಿ ಬಂದಿತು. ಆಗ, 2020ರ ಮಕ್ಕಳ ದಿನದಂದು, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ, ಶಾಲೆಯ ವಯಸ್ಸಿನ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ದಾನಿಗಳಿಂದ ಪುಸ್ತಕ ಬೇಡಿ ತರುವ ‘ಪುಸ್ತಕ ಜೋಳಿಗೆ’ಯೂ ಹೊರಟಿತು. ಈಗ ಇವುಗಳಿಗೆ ‘ಅರಿವು ಕೇಂದ್ರ’ ಎಂದು ಹೆಸರು.

ಇಲ್ಲಿ ನಗರದವರು ಕಲಿಯಬೇಕಾದ ಒಂದು ಪಾಠವಿದೆ. ಮನೆಯಲ್ಲಿ ದೂರವಾಣಿಯ ಪರದೆಯನ್ನು ತಿಕ್ಕುತ್ತ ಕುಳಿತ ನಗರದ ಮಗುವಿಗೆ ಊರಿನ ಗ್ರಂಥಾಲಯವೆಲ್ಲಿದೆ ಎಂದೇ ತಿಳಿಯದು. ಹಳ್ಳಿಯ ಮಗು ಪಂಚಾಯಿತಿಯ ಕೋಣೆಯ ಚಾಪೆಯ ಮೇಲೆ ಬೋರಲಾಗಿ ಮಲಗಿ ಚಿತ್ರದ ಪುಸ್ತಕವನ್ನು ಓದುವ ದಿನ ಬಂದಿದೆ. ಸ್ಲೇಟು ಕೊಳ್ಳಲೂ ಕಷ್ಟವಾಗಿದ್ದ ಅಜ್ಜನ ಮೊಮ್ಮಗಳು ಅವಳು.

ಪರದೆಯ ಮೇಲಿನ ಪುಸ್ತಕ

‘ಎಲ್ಲವೂ ದೂರವಾಣಿಯಲ್ಲೇ ಸಿಗುವಾಗ ಈ ಕಟ್ಟಡಗಳೇಕೆ?’ ಎಂಬುದು ಇಂದಿನವರ ಪ್ರಶ್ನೆ. ಗ್ರಂಥಾಲಯ ಇಲಾಖೆಯೂ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ತೆರೆದು, ಮನೆಯಲ್ಲೇ ಕುಳಿತು ಓದುವ ಅನುಕೂಲ ಮಾಡಿತು. ಇದು ಒಳ್ಳೆಯದೇ, ರಂಗನಾಥನ್ನರು ಬದುಕಿದ್ದರೆ ಮೊದಲು ಮೆಚ್ಚುತ್ತಿದ್ದವರು ಅವರೇ. ಆದರೆ ಪರದೆಯು ಪುಸ್ತಕವನ್ನು ಕೊಡಬಲ್ಲುದೇ ಹೊರತು ಕುರ್ಚಿಯನ್ನು ಕೊಡಲಾರದು. ಪಕ್ಕದಲ್ಲಿ ಓದುತ್ತಿರುವ ಇನ್ನೊಬ್ಬ ಮನುಷ್ಯನನ್ನು ಕೊಡಲಾರದು. ‘ಇದು ನಿನಗೆ ಹಿಡಿಸಬಹುದು ಮಗೂ, ಓದಿ ನೋಡು’ ಎನ್ನುವ ಗ್ರಂಥಪಾಲರನ್ನಂತೂ ಕೊಡಲಾರದು.

ಪುಸ್ತಕದ ಮನೆಯ ಮೇಲೆ ಜನರಿಗೆ ಎಂಥ ಮಮತೆ ಎಂಬುದಕ್ಕೆ ಮೈಸೂರಿನ ಒಂದು ಪ್ರಸಂಗವೇ ಸಾಕ್ಷಿ. ರಾಜೀವನಗರದಲ್ಲಿ ಕೂಲಿ ಮಾಡಿ ಜೀವಿಸುತ್ತಿದ್ದ, ತಾವು ಓದು ಕಲಿಯಲಾಗದಿದ್ದ ಹಿರಿಯರೊಬ್ಬರು ಸುಮಾರು 11,000 ಪುಸ್ತಕಗಳನ್ನು ಕೂಡಿಸಿ, ನೆರೆಹೊರೆಯವರಿಗೆಂದು ಒಂದು ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದು ಬೆಂಕಿಗೆ ಆಹುತಿಯಾಯಿತು. ಸುದ್ದಿ ಹರಡಿದ ಕೆಲವೇ ದಿನಗಳಲ್ಲಿ ದೇಶವಿದೇಶಗಳಿಂದ ಗುರುತಿಲ್ಲದವರು ಹಣವನ್ನೂ ಪುಸ್ತಕಗಳನ್ನೂ ಕಳುಹಲು ಮುಂದಾದರು. ಹೋದುದು ಬರಿಯ ಕಾಗದವಾಗಿದ್ದರೆ ಜನ ಹೀಗೆ ಮರುಗುತ್ತಿದ್ದರೇ?

ರಸೀದಿಯನ್ನು ಮತ್ತೊಮ್ಮೆ ಬಿಡಿಸಿದರೆ

ಬೆಂಕಿ ಹೊತ್ತಿದಾಗ ಎಲ್ಲರೂ ಓಡಿ ಬರುತ್ತಾರೆ. ಗೆದ್ದಲು ಹಿಡಿದಾಗ ಯಾರೂ ಬರುವುದಿಲ್ಲ. ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗೆ ಇರುವ ಅಪಾಯ ಗೆದ್ದಲಿನದು. ಜನರಿಂದ ವಸೂಲಾದ ಗ್ರಂಥಾಲಯ ಉಪಕರವು ಗ್ರಂಥಾಲಯಕ್ಕೆ ಸಕಾಲದಲ್ಲಿ ಸಂದಾಯವಾಗದೆ, ಕೆಲವು ನಗರಗಳ ಸ್ಥಳೀಯ ಸಂಸ್ಥೆಗಳಲ್ಲಿ ವರ್ಷಗಟ್ಟಲೆ ಬಾಕಿ ಉಳಿದುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿರುವ ಸಂಗತಿ. ಹಣ ಬಾರದಿದ್ದರೆ ಹೊಸ ಪುಸ್ತಕವಿಲ್ಲ. ನಿವೃತ್ತರಾದ ಗ್ರಂಥಪಾಲರ ಸ್ಥಾನಕ್ಕೆ ಹೊಸಬರಿಲ್ಲ. ಬಾಗಿಲು ತೆರೆಯುವ ಹೊತ್ತು ಕಡಿಮೆಯಾಗುತ್ತದೆ. ಕನ್ನಡದ ಪ್ರಕಾಶಕರೂ ಲೇಖಕರೂ ಗ್ರಂಥಾಲಯಗಳ ಸಗಟು ಖರೀದಿಯನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿರುವುದರಿಂದ, ಆ ತೊಂದರೆ ಕನ್ನಡ ಪುಸ್ತಕದ ಹುಟ್ಟಿಗೇ ತಟ್ಟುತ್ತದೆ.

ಇದಕ್ಕೆ ಔಷಧ ಸರ್ಕಾರದ ಕೈಯಲ್ಲಿ ಮಾತ್ರವಿಲ್ಲ. ಬಳಸದ ಬಾವಿಯ ನೀರು ಕೆಡುವಂತೆ, ಕೇಳುವವರಿಲ್ಲದ ಗ್ರಂಥಾಲಯವೂ ಸೊರಗುತ್ತದೆ. ವೃತ್ತಪತ್ರಿಕೆ ಓದಲು ಸದಸ್ಯತ್ವವೂ ಬೇಡ. ಪುಸ್ತಕವನ್ನು ಮನೆಗೆ ತರಲು ಬೇಕಾದುದು ವಿಳಾಸದ ಒಂದು ದಾಖಲೆ, ಅಲ್ಪ ಠೇವಣಿ. ತಿಂಗಳಿಗೊಮ್ಮೆ, ಮಂಡಕ್ಕಿ ಮೆಣಸಿನಕಾಯಿಗೆಂದೋ ಬೆಣ್ಣೆದೋಸೆಗೆಂದೋ ಮನೆಮಂದಿ ಹೊರಟ ಭಾನುವಾರ, ದಾರಿಯಲ್ಲಿ ಅರ್ಧ ಗಂಟೆ ಗ್ರಂಥಾಲಯದಲ್ಲಿ ಕಳೆದರೆ ಮಕ್ಕಳಿಗೆ ಆ ಬಾಗಿಲು ಪರಿಚಯವಾಗುತ್ತದೆ. ‘ಮಕ್ಕಳಿಗೊಂದು ಮೂಲೆ ಎಲ್ಲಿ? ಹೊಸ ಪುಸ್ತಕ ಯಾವಾಗ ಬರುತ್ತದೆ?’ ಎಂದು ನಾಲ್ಕು ಮಂದಿ ತಾಯಂದಿರು ಕೇಳತೊಡಗಿದರೆ ಉತ್ತರಿಸುವವರು ಹುಟ್ಟಿಕೊಳ್ಳುತ್ತಾರೆ. ವಾರ್ಡಿನ ಚುನಾವಣೆಗೆ ಮತ ಬೇಡಿ ಬಂದವರನ್ನು ನಲ್ಲಿಯ ನೀರಿನ ಬಗ್ಗೆ ಪ್ರಶ್ನಿಸುವಂತೆಯೇ ಪುಸ್ತಕದ ಹಣದ ಬಗ್ಗೆಯೂ ಪ್ರಶ್ನಿಸುವ ಹಕ್ಕು ಎಲ್ಲರಿಗೂ ಉಂಟು.

ಅಂದು ಮ್ಯಾಂಚೆಸ್ಟರಿನ ಗಿರಣಿಯ ಕೆಲಸಗಾರರಿಗೆ ತಮ್ಮ ಕಾಸು ಎಲ್ಲಿಗೆ ಹೋಯಿತೆಂಬುದು ಗೊತ್ತಿದ್ದಿತು; ಆದುದರಿಂದಲೇ ಆ ಮನೆ ತಮ್ಮದೆಂದು ಅವರು ಒಳಗೆ ಕಾಲಿಟ್ಟರು. ದಾವಣಗೆರೆಯ ಬೀರುಗಳಲ್ಲಿ ನಾಲ್ಕು ಮಡಿಕೆಯಾಗಿ ಮಲಗಿರುವ ರಸೀದಿಗಳಲ್ಲಿಯೂ ಅದೇ ಹಕ್ಕು ಬರೆದಿದೆ. ಮುಂದಿನ ಏಪ್ರಿಲಿನಲ್ಲಿ ಯಜಮಾನರು ಒಟ್ಟು ಮೊತ್ತವನ್ನು ನೋಡಿ ನಿಟ್ಟುಸಿರು ಬಿಡುವಾಗ, ಮನೆಯ ಮಗುವೊಂದು ನಡುವಣ ಆ ಸಾಲಿನ ಮೇಲೆ ಬೆರಳಿಟ್ಟು ‘ಅಪ್ಪಾ, ಇದು ಎಲ್ಲಿದೆ? ನಾವು ಹೋಗೋಣವೇ?’ ಎಂದು ಕೇಳಲಿ. ಆ ವರ್ಷದ ಕಂದಾಯ ಸಾರ್ಥಕವಾದಂತೆ.